ಪದಚರ್ಚೆ: ಮಾಸ್ಕೂ ‘ಕೃತಕ ಉಸಿರಾಟ’ವೇ?

ಪ್ರಶ್ನೆ: ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ರೋಗಿಗಳ ಮನೆಯವರಿಗಾಗಿ ಬರೆದ ಮಾಹಿತಿ ಹಾಳೆಯಲ್ಲಿ ಹೈ ಫ್ಲೋ, ಸಿಪ್ಯಾಪ್, ಬೈಪ್ಯಾಪ್ ಎಂಬ ಉಸಿರಾಟದ ನೆರವಿನ ಮೂರು ವಿಧಾನಗಳಿಗೂ ‘ಅನಾಕ್ರಮಣಕಾರಿ ಕೃತಕ ಉಸಿರಾಟ’ ಎಂದಿದೆ. ಸರಿಯೇ?

ಉತ್ತರ: ಇಂಗ್ಲಿಷಿನ ‘ನಾನ್-ಇನ್ವೇಸಿವ್’ ಪದದ ಪಡಿಯಚ್ಚಾದ ‘ಅನಾಕ್ರಮಣಕಾರಿ’ ಬೇಡವೇ ಬೇಡ. ‘ಗಂಟಲಿಗೆ ಕೊಳವೆ ಇಳಿಸದೆ ಕೊಡುವ ಉಸಿರಾಟದ ನೆರವು’ ಎಂದರೆ ಉದ್ದವಾದರೂ ಓದಿದ ಕೂಡಲೇ ತಿಳಿಯುತ್ತದೆ. ‘ಕೃತಕ ಉಸಿರಾಟ’ ಎಂದರೆ ಜನ ಬಾಯಿಗೆ ಬಾಯಿಟ್ಟು ಊದುವುದನ್ನೋ ವೆಂಟಿಲೇಟರನ್ನೋ ನೆನೆಯುತ್ತಾರೆ. ಇಲ್ಲಿ ರೋಗಿ ತಾನೇ ಉಸಿರಾಡುತ್ತಿರುತ್ತಾರೆ. ಆ ಮಾತು ಮನೆಯವರಿಗೆ ಮುಟ್ಟಲೇಬೇಕು.

ಮೂರನ್ನೂ ಒಂದೇ ಹೆಸರಿಗೆ ಕಟ್ಟಿದ್ದು ಇದಕ್ಕಿಂತ ದೊಡ್ಡ ತೊಂದರೆ. ಹೈ ಫ್ಲೋ ಮುಖ್ಯವಾಗಿ ಕೊಡುವುದು ಹರಿವು. ಬೆಚ್ಚಗೆ ಮಾಡಿ, ತೇವ ಬೆರೆಸಿದ ಗಾಳಿ ಮತ್ತು ಆಮ್ಲಜನಕ ನಿಮಿಷಕ್ಕೆ 60 ಲೀಟರ್‌ವರೆಗೂ ಮೂಗಿಗೆ ಹೋಗುತ್ತದೆ. ಮೂಗಿಗಿಡುವ ಮಾಮೂಲಿ ಆಮ್ಲಜನಕದ ನಳಿಕೆಯಲ್ಲಿ 6 ಲೀಟರ್ ದಾಟಿಸುವುದಿಲ್ಲ. ಸಿಪ್ಯಾಪ್ ಬಿಗಿ ಮಾಸ್ಕಿನೊಳಗೆ ಒಂದೇ ಮಟ್ಟದ ಒತ್ತಡ ಹಿಡಿದಿಡುತ್ತದೆ. ಬೈಪ್ಯಾಪ್‌ನಲ್ಲಿ ಎರಡು ಮಟ್ಟ: ಉಸಿರೆಳೆದಾಗ 10, ಬಿಟ್ಟಾಗ 5 ಸೆಂಟಿಮೀಟರ್ ಎತ್ತರದ ನೀರು ಒತ್ತುವಷ್ಟು, ಹೀಗೆ.

ಹೆಪ್ಪು ದೊಡ್ಡದಿದ್ದಾಗ ಶ್ವಾಸಕೋಶಕ್ಕೆ ರಕ್ತ ತಳ್ಳುವ ಹೃದಯದ ಬಲಭಾಗ ಆಗಲೇ ಬಳಲಿರುತ್ತದೆ. ಎದೆಯೊಳಗಿನ ಒತ್ತಡ ಏರಿಸಿದರೆ ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ, ಬಲಭಾಗದ ಹೊರೆ ಹೆಚ್ಚುತ್ತದೆ, ಬಿಪಿ ಕುಸಿಯಬಹುದು. ಕೊಳವೆ ಇಳಿಸುವ ಬದಲು, ಸಾಧ್ಯವಿದ್ದಲ್ಲಿ ಹೈ ಫ್ಲೋ ಅಥವಾ ಮಾಸ್ಕ್ ಮೇಲು ಎನ್ನುವ 2019ರ ಯುರೋಪಿನ ಹೃದ್ರೋಗ ಮಾರ್ಗಸೂಚಿಯೂ ಒತ್ತಡದ ಈ ಅಪಾಯವನ್ನು ಎಚ್ಚರಿಸುತ್ತದೆ. ಹೈ ಫ್ಲೋದಲ್ಲೂ ಕೊಂಚ ಒತ್ತಡ ಹುಟ್ಟುತ್ತದೆ, ಬಾಯಿ ತೆರೆದರೆ ಅದೂ ಇಳಿಯುತ್ತದೆ. ಆದ್ದರಿಂದ ‘ಹರಿವಿನ ನೆರವು’, ‘ಒತ್ತಡದ ನೆರವು’ ಎಂದು ಬೇರೆ ಮಾಡಿ, ಪಕ್ಕದಲ್ಲೇ ಹೈ ಫ್ಲೋ, ಸಿಪ್ಯಾಪ್, ಬೈಪ್ಯಾಪ್ ಎಂಬ ಹೆಸರುಗಳನ್ನೂ ಉಳಿಸಿ. ವಾರ್ಡಿನಲ್ಲಿ ಕಿವಿಗೆ ಬೀಳುವುದು ಅವೇ.

ಬರೀ ‘ಒತ್ತಡ ಇಳಿದಿದೆ’ ಎಂದು ಎಲ್ಲೂ ಬರೆಯಬೇಡಿ. ಮಾಸ್ಕಿನದೋ ರಕ್ತದ್ದೋ ತಿಳಿಯದು. ಒಂದು ವೈದ್ಯರೇ ಇಳಿಸುವುದು, ಇನ್ನೊಂದು ಕೂಡಲೇ ನರ್ಸನ್ನು ಕರೆಯಬೇಕಾದದ್ದು. ಮಾಸ್ಕಿಗೆ ‘ಗಾಳಿಯ ಒತ್ತಡ’, ರಕ್ತಕ್ಕೆ ‘ಬಿಪಿ’ ಎಂದಿಡಿ.

ಹಾಗೆಯೇ ‘ರಕ್ತದ ಗಡ್ಡೆ’ ತೆಗೆದು ‘ಹೆಪ್ಪುಗಟ್ಟಿದ ರಕ್ತ’ ಎನ್ನಿ. ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಹೆದರುವವರು ಬಹಳ.