ಸುತ್ತಲಿನ ಮನೆಗಳೆಲ್ಲ ಮಾರಾಟವಾದವು, ನಡುವಿನದು ನಮ್ಮದು: ಏನು ಮಾಡಬೇಕು?

ಆಪೂಸ್ ಮನೆ, ಧಾರವಾಡ

ನನಗೀಗ ಎಪ್ಪತ್ತೆರಡು. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದವಳು. ಹಾಗಾಗಿ ವಿಷಯವನ್ನು ಲೆಕ್ಕದಂತೆ ಬಿಡಿಸಿಡಲು ನೋಡುತ್ತೇನೆ. ನಡುವೆ ಸಿಟ್ಟು ಬಂದರೆ ಕ್ಷಮಿಸಿ.

ನಮ್ಮದು ಸಪ್ತಾಪುರದ ಆಚೆಯ ಒಂದು ಸಣ್ಣ ಕಾಲೊನಿ. ನೌಕರರ ಗೃಹ ನಿರ್ಮಾಣ ಸಹಕಾರ ಸಂಘವೊಂದು ಹಾಕಿದ ಇಪ್ಪತ್ತನಾಲ್ಕು ಪ್ಲಾಟುಗಳು, ಮೂರು ಸಾಲು, ಒಂದೊಂದು ಪ್ಲಾಟೂ ಐದು ಗುಂಟೆ. ನಾವು ಮನೆ ಕಟ್ಟಿದ್ದು 1979ರಲ್ಲಿ. ಹಂಚಿನ ಮನೆ, ಮುಂದೆ ಪಡಸಾಲೆ, ಹಿತ್ತಲಿನಲ್ಲಿ ನಮ್ಮ ಮನೆಯವರು ನೆಟ್ಟ ಆಪೂಸ್ ಮಾವು. ಸುತ್ತಮುತ್ತ ಕಾಲೇಜಿನ ಪ್ರಾಧ್ಯಾಪಕರು, ಬ್ಯಾಂಕಿನವರು, ರೈಲ್ವೆಯವರು. ಇದನ್ನು ವೃದ್ಧರ ಕಾಲೊನಿ ಎಂದು ಯಾರೂ ಕಟ್ಟಲಿಲ್ಲ. ಎಲ್ಲರೂ ಒಂದೇ ಸುಮಾರಿಗೆ ಬಂದೆವು, ಒಂದೇ ಸುಮಾರಿಗೆ ನಿವೃತ್ತರಾದೆವು, ಮಕ್ಕಳು ಬೆಂಗಳೂರು, ಪುಣೆ ಎಂದು ಹೋದರು. ಈಗ ಒಂದೇ ಸುಮಾರಿಗೆ ಹೊರಡುತ್ತಲೂ ಇದ್ದೇವೆ.

ಮೂರು ವರ್ಷದ ಹಿಂದೆ ದೊಡ್ಡ ರಸ್ತೆಯ ಮೂಲೆಮನೆಯ ಹಿರಿಯರು ತೀರಿಕೊಂಡರು. ವಿದೇಶದಿಂದ ಬಂದ ಮಕ್ಕಳು ಹದಿನೈದೇ ದಿನಗಳಲ್ಲಿ ಮನೆ ಮಾರಿ ಹೋದರು. ಅವರಾದರೂ ಎಲ್ಲಿಂದ ನೋಡಿಕೊಂಡಾರು ಎಂದುಕೊಂಡು ಸುಮ್ಮನಾದೆವು. ಆಮೇಲೆ ಒಂದಾದ ಮೇಲೊಂದರಂತೆ, ಅದೂ ಸೇರಿ ಹದಿನಾಲ್ಕು ಮನೆಗಳು ಹೋದವು. ಖರೀದಿ ಪತ್ರಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ಆದರೆ ಮನೆ ಮನೆಗೆ ಬಂದವನು ಒಬ್ಬನೇ ಹುಡುಗ. "ಕಾಕೂ" ಎನ್ನುತ್ತಾನೆ, ಕಾಲು ಮುಟ್ಟಿ ನಮಸ್ಕರಿಸುತ್ತಾನೆ, ಬರುವಾಗಲೆಲ್ಲ ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಢೆ ತರುತ್ತಾನೆ. ಪೇಢೆ ತಿಂದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಒಂದು ದಿನ ಕಾಲೊನಿಯ ನಕ್ಷೆ ಬರೆದು, ಮಾರಾಟವಾದ ಪ್ಲಾಟುಗಳಿಗೆ ಕೆಂಪು ಪೆನ್ಸಿಲ್ ಹಚ್ಚಿದೆ. ರಸ್ತೆಯ ಕಡೆಯ ಸಾಲು ಎಂಟೂ ಕೆಂಪು. ಅದರ ಬೆನ್ನಿಗಿರುವ ಎರಡನೆಯ ಸಾಲಿನಲ್ಲಿ ಆರು ಕೆಂಪು. ಉಳಿದೆರಡು ನಮ್ಮದು ಮತ್ತು ಪಕ್ಕದ ಮನೆಯದು, ಸಾಲಿನ ನಟ್ಟನಡುವೆ, ಬಾಯಲ್ಲಿ ಎರಡು ಹಲ್ಲು ಉಳಿದ ಹಾಗೆ. ಹದಿನಾರೈದಲಿ ಎಂಬತ್ತು ಗುಂಟೆ, ಸರಿಯಾಗಿ ಎರಡು ಎಕರೆ. ಅವನಿಗೆ ಬೇಕಾದದ್ದು ಈ ಆಯತ. ಮೂರನೆಯ ಸಾಲನ್ನು ಅವನು ಕೇಳಲೂ ಇಲ್ಲ. ಅಲ್ಲಿ ಮೂರು ಮನೆ ಬಾಡಿಗೆಗಿವೆ, ಐದರಲ್ಲಿ ನಮ್ಮಂಥವರೇ ಇದ್ದಾರೆ. ಒಟ್ಟು ಏಳು ಮನೆ ಮುದುಕರು ಉಳಿದಿದ್ದೇವೆ.

ಕೊಂಡ ಮನೆಗಳನ್ನು ಅವನು ಕೆಡವುವುದೂ ಇಲ್ಲ, ಬಾಡಿಗೆಗೆ ಕೊಡುವುದೂ ಇಲ್ಲ. ಹಂಚು ಇಳಿಸಿ, ಬೀಗ ಜಡಿದು ಬಿಟ್ಟಿದ್ದಾನೆ. ಅಂಗಳಗಳಲ್ಲಿ ಕಾಂಗ್ರೆಸ್ ಕಸ ಕಿಟಕಿಯ ಎತ್ತರಕ್ಕೆ ಬಂದಿದೆ. ಶ್ರಾವಣದಲ್ಲಿ ನಮ್ಮ ಕಾಂಪೌಂಡಿನ ಮೇಲೆ ನಾಗರಹಾವು ಕಂಡಿತು. ಪಂಚಮಿಗೆ ಹಾಲೆರೆಯುವುದು ಬೇರೆ, ಬಚ್ಚಲಿನ ಬಾಗಿಲಲ್ಲಿ ಅದನ್ನು ಕಾಣುವುದು ಬೇರೆ.

ಹಾವಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ, ಅದು ಯಾರಿಗೂ ಹೊಳೆಯುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆ ಈ ಬೀದಿಯಲ್ಲಿ ಐದು ಮನೆ ಮಾಡುತ್ತಿದ್ದಳು. ಈಗ ಎರಡೇ ಮನೆ. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ನಿಜ, ಆದರೆ ಎರಡು ಮನೆಗಾಗಿ ಅರ್ಧ ದಿನ ಕಳೆದರೆ ಅವಳಿಗೆ ಏನು ಗಿಟ್ಟುತ್ತದೆ? ಮುಂದಿನ ತಿಂಗಳಿನಿಂದ ಬರುವುದಿಲ್ಲ ಎಂದಿದ್ದಾಳೆ. ಹಾಲಿನವನು "ಇನ್ನು ಮುಂದೆ ನೀವೇ ಸರ್ಕಲ್ಲಿಗೆ ಬಂದು ಒಯ್ಯಿರಿ" ಎಂದ. ಪೇಪರ್ ಹಾಕುವ ಹುಡುಗ ಹೇಳದೆಯೇ ನಿಲ್ಲಿಸಿದ. ರಾತ್ರಿ ಎದೆನೋವು ಬಂದರೆ ಕಾರು ತೆಗೆಯುತ್ತಿದ್ದ ಎದುರುಮನೆಯ ಕಾಕಾ ಈಗ ಮೈಸೂರಿನಲ್ಲಿ ಮಗಳ ಬಳಿ ಇದ್ದಾರೆ. ಮನೆ ಮಾರದವರ ಬದುಕು ಹೀಗೆ ತಿಂಗಳು ತಿಂಗಳೂ ದುಬಾರಿಯಾಗುತ್ತಿದೆ.

ಇನ್ನು ಮನೆಯೊಳಗಿನ ಮಾತು. ಮನೆ ಇನ್ನೂ ನಮ್ಮ ಮನೆಯವರ ಹೆಸರಿನಲ್ಲಿಯೇ ಇದೆ. ಅವರು 2016ರಲ್ಲಿ ಹೋದರು, ಮೃತ್ಯುಪತ್ರ ಬರೆದಿಲ್ಲ, ನಾನು ವಾರಸಾ ಮಾಡಿಸಿಲ್ಲ, ಅಂದರೆ ವಾರಸುದಾರರ ಹೆಸರನ್ನು ದಾಖಲೆಗೆ ಏರಿಸಿಲ್ಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಆ ಹುಡುಗ ನನ್ನ ಬಳಿ ಬರುವ ಮೊದಲೇ ಬೆಂಗಳೂರಿಗೆ ಹೋಗಿ ದೊಡ್ಡವನನ್ನು ಕಂಡಿದ್ದಾನೆ. ದೊಡ್ಡವನು ಫೋನಿನಲ್ಲಿ, "ಅವ್ವ, ಒಳ್ಳೆಯ ಬೆಲೆ ಬಂದಿದೆ, ತಂಗಿಯ ಸಹಿಯೇನೂ ಬೇಕಾಗುವುದಿಲ್ಲವಂತೆ" ಎಂದ. ಆ "ಅಂತೆ" ಯಾರದು ಎಂದು ನಾನು ಕೇಳಲಿಲ್ಲ.

ಹುಡುಗ ಎರಡು ದಾರಿ ಹೇಳಿದ್ದಾನೆ. ಒಂದು, ನೇರ ಮಾರಾಟ, ಅರ್ಧ ಚೆಕ್ಕು, ಅರ್ಧ ನಗದು. ಇನ್ನೊಂದು, ಜಾಗ ಅವನಿಗೆ ಕೊಟ್ಟರೆ ಎರಡು ಫ್ಲ್ಯಾಟು, ಕಟ್ಟಡ ಮುಗಿಯುವವರೆಗೆ ಬಾಡಿಗೆ. ಕಾಲೊನಿಯ ಖುಲ್ಲಾ ಜಾಗವನ್ನೂ ಸಂಘದಿಂದ ಕೊಳ್ಳುತ್ತೇನೆ ಎನ್ನುತ್ತಿದ್ದಾನೆ, ನಾವು ಗಣಪತಿ ಕೂರಿಸುವುದು ಅಲ್ಲಿಯೇ. ಮಗಳ ಸಹಿ ನಿಜವಾಗಿಯೂ ಬೇಡವೇ? ಯಾವ ದಾರಿಯಲ್ಲಿ ಮೋಸ ಕಡಿಮೆ? ಮಾರದೆ ಇದ್ದರೆ ಇನ್ನೆಷ್ಟು ದಿನ ಇಲ್ಲಿ ಇರಬಹುದು? ಕೊನೆಯದಕ್ಕೆ ಯಾರ ಬಳಿಯೂ ಸೂತ್ರವಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ.


ನಿವೃತ್ತ ಗುಮಾಸ್ತ, ಗದಗ

ಅಕ್ಕಾವರೇ, ನಮಸ್ಕಾರ. ಉಪನೋಂದಣಿ ಕಚೇರಿಯಲ್ಲಿ ಬಾಳು ಸವೆಸಿದವನು ನಾನು.

ಮಗಳ ಸಹಿ ಬೇಕೇ ಬೇಕು. ಯಜಮಾನರು ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿ, ಮೃತ್ಯುಪತ್ರ ಇಲ್ಲ. ನಿಮ್ಮ ಅತ್ತೆಯವರು ಅವರಿಗಿಂತ ಮೊದಲೇ ತೀರಿಕೊಂಡಿದ್ದರೆ ನಿಮಗೆ ಮತ್ತು ಮೂವರು ಮಕ್ಕಳಿಗೆ ಸಮನಾಗಿ ನಾಲ್ಕು ಪಾಲು. ಹೆಣ್ಣುಮಕ್ಕಳ ಹಕ್ಕು ಎಂದೊಡನೆ ಎಲ್ಲರೂ 2005ರ ತಿದ್ದುಪಡಿಯ ಮಾತು ತೆಗೆಯುತ್ತಾರೆ. ಅದು ಪಿತ್ರಾರ್ಜಿತ ಆಸ್ತಿಯ ವಿಷಯ. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಸಮಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಇದೆ. ನಿಮ್ಮ ಮಗನಿಗೆ ಹೀಗೆ ಹೇಳಿದವನಿಗೆ ಇದು ಗೊತ್ತಿಲ್ಲದೆ ಇರಲಾರದು.

ಇನ್ನೊಂದು ಕಿವಿಮಾತು. ದೊಡ್ಡ ಮಗನ ಕಾಲು ಪಾಲನ್ನು ಮಾತ್ರ ಕೊಳ್ಳುವ ದಾರಿಯನ್ನೂ ಇಂಥವರು ಹಿಡಿಯುತ್ತಾರೆ. ಹೆದರಬೇಡಿ. ಅದೇ ಕಾಯಿದೆಯ 22ನೆಯ ಕಲಮಿನಂತೆ, ಒಬ್ಬ ವಾರಸುದಾರ ತನ್ನ ಪಾಲು ಮಾರಲು ಹೊರಟರೆ ಉಳಿದವರಿಗೆ ಕೊಳ್ಳುವ ಮೊದಲ ಹಕ್ಕಿದೆ. ಪಾಲು ಹೊರಗಿನವನ ಕೈಸೇರಿದರೂ, ವಿಭಾಗವಾಗದ ಕುಟುಂಬದ ವಾಸದ ಮನೆಯೊಳಗೆ ಬಂದು ಕೂರುವ ಹಕ್ಕು ಅವನಿಗೆ ಇಲ್ಲ. ಸ್ವತ್ತು ವರ್ಗಾವಣೆ ಕಾಯಿದೆಯ 44ನೆಯ ಕಲಮಿನಲ್ಲಿ ಇದೆ, ವಕೀಲರಿಗೆ ತೋರಿಸಿ.

ವಾರಸಾ ಮೊದಲು ಮಾಡಿಸಿ. ಸಿಟಿ ಸರ್ವೇ ಕಚೇರಿಯಲ್ಲಿ ಪಿ.ಆರ್. ಕಾರ್ಡಿಗೆ, ಅಂದರೆ ಆಸ್ತಿಯ ಒಡೆತನದ ದಾಖಲೆಗೆ, ನಾಲ್ವರ ಹೆಸರೂ ಏರಲಿ, ಪಾಲಿಕೆಯ ಉತಾರದಲ್ಲಿಯೂ ಏರಲಿ. ಈಗ ಇ-ಖಾತೆ ಇಲ್ಲದೆ ನಗರದ ಆಸ್ತಿ ನೋಂದಣಿಯಾಗುವುದಿಲ್ಲ. ಅಲ್ಲಿಯವರೆಗೆ ಸಂಚಕಾರ, ಅಂದರೆ ಮುಂಗಡ, ಎಂದು ಒಂದು ರೂಪಾಯಿಯನ್ನೂ ಮುಟ್ಟಬೇಡಿ. "ಓಡಾಟ ನಿಮಗೇಕೆ, ವಟಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡಿ, ಎಲ್ಲ ನಾವೇ ನೋಡಿಕೊಳ್ಳುತ್ತೇವೆ" ಎಂದರೆ ಒಂದು ಲೋಟ ಚಹಾ ಕೊಟ್ಟು ಕಳುಹಿಸಿ, ಸಹಿ ಕೊಡಬೇಡಿ.

ಅರ್ಧ ನಗದು ಎಂಬುದನ್ನಂತೂ ಮರೆತುಬಿಡಿ. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಪಡೆದವರ ತಲೆಗೆ. ಕೊಟ್ಟವನು ಪೇಢೆ ಹಂಚಿಕೊಂಡು ತಿರುಗುತ್ತಿರುತ್ತಾನೆ. ತೆರಿಗೆಗೆ ಹೆದರಿ ನಗದು ಬಯಸುವವರು ಲೆಕ್ಕವನ್ನೇ ಹಾಕಿರುವುದಿಲ್ಲ. ನಿಮ್ಮಂಥ ಹಳೆಯ ಮನೆಗೆ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆಯೆಂದು ಹಿಡಿಯಲು ಅವಕಾಶವಿದೆ. 2024ರ ಜುಲೈ 23ಕ್ಕೆ ಮೊದಲೇ ನಿಮ್ಮದಾಗಿದ್ದ ಆಸ್ತಿಯಾದ್ದರಿಂದ ಲಾಭದ ಮೇಲೆ ಶೇ 12.5, ಇಲ್ಲವೇ ಹಣದುಬ್ಬರದ ಸೂಚ್ಯಂಕ ಹಚ್ಚಿ ಶೇ 20, ಇವೆರಡರಲ್ಲಿ ಕಡಿಮೆ ಬೀಳುವುದನ್ನು ಕಟ್ಟಬಹುದು. ನೀವು ಗಣಿತದವರು, ನಾನು ಬಿಡಿಸಿ ಹೇಳಬೇಕಿಲ್ಲ.

ಖುಲ್ಲಾ ಜಾಗ ಸಂಘದ್ದಲ್ಲ. ಬಡಾವಣೆಯ ನಕ್ಷೆ ಮಂಜೂರಾಗುವಾಗ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಸಂಘ ಮಾರಲು ಬರುವುದಿಲ್ಲ. ಮಂಜೂರಾದ ಹಳೆಯ ನಕ್ಷೆಯ ದೃಢೀಕೃತ ಪ್ರತಿ ತೆಗೆಸಿಟ್ಟುಕೊಳ್ಳಿ.


ಲಿಫ್ಟ್ ಇಲ್ಲದವನು, ಹುಬ್ಬಳ್ಳಿ

ಎರಡನೆಯ ದಾರಿಯ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ನಮ್ಮ ಅಪ್ಪ ಅದನ್ನು ತುಳಿದರು. ವಿದ್ಯಾನಗರದಲ್ಲಿ ನಾಲ್ಕೂವರೆ ಗುಂಟೆ ಜಾಗ, ಎರಡು ಫ್ಲ್ಯಾಟಿನ ಕರಾರು, ಇಪ್ಪತ್ತನಾಲ್ಕು ತಿಂಗಳ ಮಾತು. ಆಗಿದ್ದು ಐದು ವರ್ಷ. ಬಾಡಿಗೆ ಕೊಡುತ್ತೇನೆ ಎಂದವನು ಹದಿನಾಲ್ಕು ತಿಂಗಳು ಕೊಟ್ಟ, ಆಮೇಲೆ ಫೋನ್ ಎತ್ತುವುದನ್ನು ಬಿಟ್ಟ. ಅಪ್ಪ ಬಾಡಿಗೆ ಮನೆಯ ಎರಡನೆಯ ಮಹಡಿಯಲ್ಲಿ ತೀರಿಕೊಂಡರು. ಕೆಳಗಿಳಿಸಲು ನಾಲ್ಕು ಜನ ಬೇಕಾಯಿತು. ನಮ್ಮ ಮನೆಯ ಬಾಗಿಲಿನಿಂದಲೇ ಹೊರಡಬೇಕೆಂದು ಅವರಿಗಿತ್ತು.

ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಅಂದರೆ ರೇರಾಕ್ಕೆ, ದೂರು ಕೊಡಲು ಹೋದೆವು. ನಮ್ಮ ಜಾಗ 500 ಚದರ ಮೀಟರಿಗಿಂತ ಕಡಿಮೆ, ಮನೆಗಳು ಎಂಟೇ. ಯೋಜನೆಗೆ ನೋಂದಣಿಯೇ ಬೇಕಿರಲಿಲ್ಲ. ಎಂಟು ಫ್ಲ್ಯಾಟು ಎಂದು ಅವನು ಯಾಕೆ ಹಟ ಹಿಡಿದಿದ್ದ ಎಂಬುದು ಆಗ ತಿಳಿಯಿತು. ನಿಮ್ಮ ಐದು ಗುಂಟೆ 506 ಚದರ ಮೀಟರ್ ಆಗುತ್ತದೆ, ಎರಡು ಎಕರೆಯ ಯೋಜನೆಯಂತೂ ನೋಂದಣಿಯಿಂದ ತಪ್ಪಿಸಿಕೊಳ್ಳಲಾರದು. ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಮನೆ ಖಾಲಿ ಮಾಡಬೇಡಿ. ಯಾವ ಮಹಡಿ, ಯಾವ ದಿಕ್ಕು, ಎಷ್ಟು ಚದರಡಿ, ತಡವಾದರೆ ತಿಂಗಳಿಗೆ ಎಷ್ಟು ದಂಡ, ಎಲ್ಲವೂ ನೋಂದಾಯಿತ ಕರಾರಿನಲ್ಲಿ ಇರಲಿ. ಬಾಡಿಗೆಯನ್ನು ಒಟ್ಟಿಗೇ ಮುಂಗಡ ಕೇಳಿ. ಕೊಡುವುದಿಲ್ಲ ಎಂದರೆ ನಿಮಗೆ ಉತ್ತರ ಸಿಕ್ಕಿದ ಹಾಗೆ.

2019ರ ಮಾರ್ಚಿನಲ್ಲಿ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದದ್ದನ್ನು ಧಾರವಾಡದವರಿಗೆ ನಾನು ನೆನಪಿಸಬೇಕಾಗಿಲ್ಲ. ಯಾರು ಕಟ್ಟುತ್ತಾರೆ, ಹಿಂದೆ ಏನು ಕಟ್ಟಿದ್ದಾರೆ, ಹೋಗಿ ಕಣ್ಣಾರೆ ನೋಡಿ ಬನ್ನಿ.


ಖಾಲಿ ಸೈಟು

ಇಷ್ಟೆಲ್ಲ ಯೋಚನೆ ಯಾಕೆ? ಬೆಲೆ ಇರುವಾಗ ಮಾರಿ ಆರಾಮಾಗಿರಿ. ಹಳೆಯ ಮನೆ ವರ್ಷ ವರ್ಷ ಸೋರುತ್ತದೆ.


ಸಿವಿಲ್ ಮೇಸ್ಟ್ರು

ಮಾರುವುದಾದರೂ ಅವಸರ ಅವರಿಗಿಲ್ಲ, ಅವನಿಗಿದೆ. ಅಕ್ಕಾವರ ನಕ್ಷೆ ಸರಿಯಾಗಿದೆ. ಎಷ್ಟು ಅಂತಸ್ತು ಎತ್ತಬಹುದು ಎಂಬುದು ಮುಂದಿನ ರಸ್ತೆಯ ಅಗಲದ ಮೇಲೆ ನಿಲ್ಲುತ್ತದೆ. ಒಳಗಿನ ಸಣ್ಣ ರಸ್ತೆಯ ಪ್ಲಾಟುಗಳನ್ನು ದೊಡ್ಡ ರಸ್ತೆಯವುಗಳ ಜೊತೆ ಒಂದುಗೂಡಿಸಿದರೆ ಮಾತ್ರ ಅವಕ್ಕೆ ಆ ಲಾಭ. ನಡುವೆ ಎರಡು ಪ್ಲಾಟು ಬಿಟ್ಟು ಹೋದರೆ, ಸುತ್ತ ಬಿಡಬೇಕಾದ ಅಂತರದಲ್ಲಿಯೇ ಅವನ ಜಾಗ ಕರಗುತ್ತದೆ, ನೆಲಮಾಳಿಗೆಯ ಪಾರ್ಕಿಂಗ್ ತುಂಡಾಗುತ್ತದೆ. ಹದಿನಾಲ್ಕು ಮನೆಗೆ ಹಾಕಿದ ಹಣಕ್ಕೆ ಬಡ್ಡಿ ಓಡುತ್ತಿರುತ್ತದೆ. ಆದ್ದರಿಂದ ನೀವು ಮತ್ತು ಪಕ್ಕದವರು ಒಂದೇ ಮಾತಿನಲ್ಲಿ ಇರಿ, ಬೇರೆ ಬೇರೆ ಕೂತು ಮಾತನಾಡಬೇಡಿ. ಇನ್ನು ಆ ಮಾವಿನ ಮರವನ್ನು ಕಡಿಯಲು ಮೊದಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗಬಹುದು, ವಿಚಾರಿಸಿ. ಮರ ಕಡಿಯುವುದರ ಬಗ್ಗೆ 1976ರಿಂದ ರಾಜ್ಯದಲ್ಲಿ ಕಾಯಿದೆ ಇದೆ.


ಹಾವೇರಿಯ ಮಗ, ಬೆಂಗಳೂರು

ನಾನು ನಿಮ್ಮ ದೊಡ್ಡ ಮಗನ ಜಾಗದಲ್ಲಿ ಇರುವವನು, ಬೈದರೂ ಸರಿ. ನಮ್ಮ ಅವ್ವ ಹಾವೇರಿಯಲ್ಲಿ ಒಬ್ಬಳೇ ಇದ್ದಳು. ಒಂದು ರಾತ್ರಿ ಬಚ್ಚಲಿನಲ್ಲಿ ಬಿದ್ದಳು. ಬೆಳಿಗ್ಗೆ ಆರಕ್ಕೆ ಹಾಲಿನವನು ಕೂಗಿದಾಗ ದನಿ ಕೇಳಿಸಿತು, ಬದುಕಿದಳು. ನಿಮ್ಮ ಬೀದಿಯಲ್ಲಿ ಹಾಲಿನವನು ಬರುವುದನ್ನು ನಿಲ್ಲಿಸಿದ್ದಾನೆ ಎಂಬುದನ್ನು ಓದಿದಾಗ ನನಗೆ ನೆನಪಾದದ್ದು ಇದೇ. ತಂಗಿಯನ್ನು ಬಿಟ್ಟು ಮಾತನಾಡಿದ್ದು ನಿಮ್ಮ ಮಗನ ತಪ್ಪು, ಅದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಆದರೆ ಅವನಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.


ಆಪೂಸ್ ಮನೆ, ಧಾರವಾಡ

ಎಲ್ಲರಿಗೂ ಉಪಕಾರವಾಯಿತು. ಬಿಡುವಿರಲಿಲ್ಲ, ಅದಕ್ಕೇ ನಾಲ್ಕು ದಿನ ತಡ.

ಮೊದಲು ಗದಗಿನಲ್ಲಿರುವ ಮಗಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ಅಣ್ಣ ನನಗೆ ನೇರವಾಗಿ ಕೇಳಿದ್ದರೆ ಸಹಿ ಹಾಕಿಬಿಡುತ್ತಿದ್ದೆ, ಈಗ ಹಾಕುವುದಿಲ್ಲ" ಎಂದಳು. ಅದೂ ಒಂದು ನ್ಯಾಯ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದುಕೊಂಡು ಸಿಟಿ ಸರ್ವೇ ಕಚೇರಿಗೆ ಹೋಗಿ ವಾರಸಾಕ್ಕೆ ಅರ್ಜಿ ಕೊಟ್ಟೆ. ಒಂಬತ್ತು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಅಲ್ಲಿಯವರು ಕೇಳಿದರು. ಆ ಕಾಗದದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆಸುವುದು ನನ್ನಿಂದ ಆಗಿರಲಿಲ್ಲ ಎಂದು ಕಚೇರಿಯಲ್ಲಿ ಹೇಳುವುದು ಹೇಗೆ? ಪುರುಸೊತ್ತಾಗಲಿಲ್ಲ ಎಂದೆ.

ಹಾವೇರಿಯವರೇ, ನಿಮ್ಮ ಮಾತು ಚುಚ್ಚಿತು. ದೊಡ್ಡವನನ್ನು ಕೇಳಿದೆ. ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ದಿನವೂ ಬೆಳಿಗ್ಗೆ ಆರೂವರೆಗೆ ನಾನು ವಾಟ್ಸಾಪಿನಲ್ಲಿ ಕಾಣಿಸಿಕೊಂಡಿದ್ದೇನೆಯೇ ಎಂದು ನೋಡಿಯೇ ಹಲ್ಲು ಉಜ್ಜುತ್ತೇನೆ ಎಂದ. ಇದು ನನಗೆ ಗೊತ್ತಿರಲಿಲ್ಲ.

ಕೆಲಸದಾಕೆಯ ಲೆಕ್ಕವನ್ನು ಬೇರೆ ರೀತಿ ಬಿಡಿಸಿದ್ದೇವೆ. ಮನೆಗಿಷ್ಟು ಎನ್ನುವ ಬದಲು ಏಳೂ ಮನೆಯವರು ಸೇರಿ ಅವಳಿಗೆ ಇಡೀ ದಿನದ ಸಂಬಳ ಕೊಡುವುದು. ಬೆಳಿಗ್ಗೆ ಬರುವಾಗ ಸರ್ಕಲ್ಲಿನಿಂದ ಎಲ್ಲರ ಹಾಲನ್ನೂ ಅವಳೇ ತರುತ್ತಾಳೆ, ಹಾಲು ಕೊಡುವಾಗ ಪ್ರತಿ ಬಾಗಿಲಲ್ಲಿಯೂ ಹೆಸರು ಹಿಡಿದು ಕೂಗುತ್ತಾಳೆ. ಬಾಗಿಲು ತೆರೆಯದಿದ್ದರೆ ಪಕ್ಕದ ಮನೆಗೆ ಹೇಳುತ್ತಾಳೆ. ಅವಳು ಒಪ್ಪಿದ್ದಾಳೆ, ಆದರೆ ಅಮಾವಾಸ್ಯೆಗೆ ರಜೆ ಬೇಕೆಂದಿದ್ದಾಳೆ. ಕೊಟ್ಟೆವು.

ಹುಡುಗ ನಿನ್ನೆ ಮತ್ತೆ ಬಂದಿದ್ದ. ಪಕ್ಕದ ಮನೆಯ ವೈನಿಯನ್ನೂ ಕರೆಸಿ ಕೂರಿಸಿಕೊಂಡೆ. ಹದಿನಾಲ್ಕು ಅಂಗಳದ ಕಸ ಮೊದಲು ತೆಗೆಸು, ಆಮೇಲೆ ಮಾತು ಎಂದೆವು. "ಆಗಲಿ ಕಾಕೂ" ಎಂದು ಹೋದವನು ಇವತ್ತು ಬೆಳಿಗ್ಗೆ ಕುಡಗೋಲು ಹಿಡಿದ ನಾಲ್ಕು ಆಳುಗಳನ್ನು ಕಳುಹಿಸಿದ್ದಾನೆ. ಸಿವಿಲ್ ಮೇಸ್ಟ್ರು ಹೇಳಿದ ಬಡ್ಡಿ ಓಡುತ್ತಿರುವುದು ನಿಜವೇ ಇರಬೇಕು. ಭಾನುವಾರ ನಾಲ್ಕು ಗಂಟೆಗೆ ಏಳೂ ಮನೆಯವರು ನಮ್ಮ ಪಡಸಾಲೆಯಲ್ಲಿ ಸೇರುತ್ತೇವೆ, ಕಾಗದಪತ್ರಗಳ ಜೊತೆ ಓದುವ ಕನ್ನಡಕವನ್ನೂ ತರಲು ಹೇಳಿದ್ದೇನೆ. ಗದಗಿನ ಗುಮಾಸ್ತರೇ, ಒಂದು ಕೇಳುವುದಿದೆ: ಸಂಘದ ಹಳೆಯ ಕಾರ್ಯದರ್ಶಿಯ ಬಳಿ ನಕ್ಷೆಯ ಮೂಲಪ್ರತಿ ಇದೆ, ಆದರೆ ಗೆದ್ದಲು ಹಿಡಿದು ಒಂದು ಮೂಲೆ ಹೋಗಿದೆ, ಖುಲ್ಲಾ ಜಾಗ ಇದ್ದ ಮೂಲೆಯೇ ಅದು. ದೃಢೀಕೃತ ಪ್ರತಿಗೆ ಅರ್ಜಿಯನ್ನು ಯಾರ ಹೆಸರಿಗೆ ಬರೆಯಲಿ, ನಗರಾಭಿವೃದ್ಧಿ ಪ್ರಾಧಿಕಾರಕ್ಕೋ ಪಾಲಿಕೆಗೋ?