‘ಮೊಟಕುಗೊಳಿಸಿದ ಕತ್ತಿ’ ಅನ್ನಬಹುದಾ? ಸುರಿಆಗೆ, ಸೈಹ, ಉಬು ಪದಗಳಿಗೆ ಕನ್ನಡ ಬೇಕು

ಎಲ್ಲರಿಗೂ ನಮಸ್ಕಾರ.

ಜಪಾನಿನ ಹಳೇ ಕತ್ತಿಗಳ ಮೇಲಿನ ಒಂದು ಲೇಖನವನ್ನು ಕನ್ನಡಕ್ಕೆ ತರ್ತಾ ಇದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ‘ಸುರಿಆಗೆ’. ಮೊದಲು ‘ಮೊಟಕುಗೊಳಿಸಿದ ಕತ್ತಿ’ ಅಂತ ಬರೆದೆ. ಓದಿದ ಗೆಳೆಯ, ‘ಹಾಗಾದರೆ ಮೊನೆ ಮುರಿದಿದೆಯಾ?’ ಅಂತ ಕೇಳಿದ. ಪದ ತಪ್ಪು ಚಿತ್ರ ಕೊಡ್ತಿದೆ ಅಂತ ಆಗಲೇ ಗೊತ್ತಾಯಿತು.

‘ಸುರಿ’ ಅಂದರೆ ಉಜ್ಜುವುದು, ‘ಆಗೆ’ ಅಂದರೆ ಮೇಲಕ್ಕೆ ಏರಿಸುವುದು. ಕುದುರೆ ಮೇಲಿನ ಯೋಧರ ಉದ್ದದ ತಾಚಿಯನ್ನು ಸೊಂಟಕ್ಕೆ ಸಿಕ್ಕಿಸುವ ಕತಾನ ಮಾಡಬೇಕಾದಾಗ ಮೊನೆಗೆ ಕೈ ಹಾಕುತ್ತಿರಲಿಲ್ಲ. ಹಿಡಿಯೊಳಗೆ ಕೂರುವ ಭಾಗ ಇದೆಯಲ್ಲ, ಅವರು ‘ನಕಾಗೊ’ ಅನ್ನುವುದು, ಅದರ ತುದಿ ಕತ್ತರಿಸಿ, ಅಲಗಿನ ಬುಡವನ್ನೇ ಅರ ಹಾಕಿ ಉಜ್ಜಿ ಹೊಸ ನಕಾಗೊ ಮಾಡುತ್ತಿದ್ದರು. ಹಿಡಿ ಮೇಲಕ್ಕೆ ಏರುತ್ತೆ, ಮೊನೆ ಇದ್ದ ಹಾಗೇ ಇರುತ್ತೆ. ಇಂಥ ಒಂದು ನಕಾಗೊದ ಫೋಟೋ ನನ್ನ ಮುಂದೆ ಇದೆ. ಹಿಡಿ ಕಳಚದ ಹಾಗೆ ಗೂಟ ಹಾಕುವ ತೂತು ಎರಡಿವೆ. ಕೆಳಗಿನದು ಹಳೇದು, ಅದರ ಸುತ್ತ ತುಕ್ಕು ಕಪ್ಪಗೆ ಗಟ್ಟಿಯಾಗಿದೆ. ಮೇಲಿನದರ ಸುತ್ತ ಬಣ್ಣ ಇನ್ನೂ ತಿಳಿ. ಕತ್ತಿ ಎಷ್ಟು ಗಿಡ್ಡವಾಯಿತು ಅನ್ನೋದು ಅಲ್ಲೇ ಕಾಣುತ್ತೆ.

ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಸುಮ್ನೆ ಅಲ್ಲ. ಬೆಲೆ ಇದರ ಮೇಲೇ ನಿಂತಿದೆ. ಕಮ್ಮಾರನ ಸಹಿ ಇರೋದು ನಕಾಗೊದ ಮೇಲೆ. ಹಳೇ ನಕಾಗೊ ಪೂರ್ತಿ ಹೋದರೆ ಅದು ‘ಓ-ಸುರಿಆಗೆ’, ಸಹಿಯೂ ಹೋಯಿತು. ಕೈ ಹಾಕದೆ ಹಾಗೇ ಉಳಿದದ್ದು ‘ಉಬು’. ಅದೇ ಕಮ್ಮಾರನ, ಅದೇ ಗುಣದ ಎರಡು ಕತ್ತಿ ಇದ್ದರೆ ಸಹಿ ಇರುವ ಉಬುಗೇ ಜಾಸ್ತಿ ಬೆಲೆ. ಆದರೆ ಕಾಮಕುರ ಕಾಲದ (ಸುಮಾರು 1185–1333) ಎಷ್ಟೋ ಒಳ್ಳೆಯ ಕತ್ತಿಗಳು ಓ-ಸುರಿಆಗೆ ಆಗಿಯೇ ಉಳಿದಿವೆ. ಹೆಸರಾಂತ ಕಮ್ಮಾರ ಮಾಸಮುನೆಯದು ಅಂತ ಗುರುತಿಸಿರುವ ಕತಾನಗಳಲ್ಲಿ ಹೆಚ್ಚಿನವು ಹಾಗೇ, ಸಹಿ ಇಲ್ಲದವು. 1948ರಲ್ಲಿ ಶುರುವಾದ ಜಪಾನಿನ ಕತ್ತಿ ಸಂರಕ್ಷಣಾ ಸಂಘ ಇಂಥವಕ್ಕೂ ‘ಜೂಯೋ’, ಅಂದರೆ ‘ಮುಖ್ಯ’ ದರ್ಜೆಯ ಸರ್ಟಿಫಿಕೇಟ್ ಕೊಡುತ್ತೆ. ಬೆಲೆ ಇಳಿಯುತ್ತೆ, ನೆಲ ಕಚ್ಚಲ್ಲ. 1600ರ ಈಚೆಗಿನ ಕತ್ತಿಯಲ್ಲಿ ಸಹಿ ಹೋಗಿದ್ದರೆ ಮಾತ್ರ ನಷ್ಟ ಜೋರು.

‘ಸೈಹ’ ಬೇರೆ ಕಥೆ. ಬೆಂಕಿಗೆ ಬಿದ್ದು ಹದ ಹೋದ ಅಲಗಿಗೆ ಮತ್ತೆ ಹದ ಕೊಡುವುದು. ಕಬ್ಬಿಣ ಮೊದಲಿನವನದೇ, ಆದರೆ ಬಾಯಿಯ ಉದ್ದಕ್ಕೂ ಕಾಣುವ ಹದದ ಗೆರೆ, ಆ ‘ಹಾಮೊನ್’, ಬೇರೆಯವನದು. ಕತ್ತಿ ಪ್ರಿಯರು ಕಮ್ಮಾರನ ಕೈಯನ್ನು ಗುರುತಿಸೋದೇ ಆ ಗೆರೆಯಲ್ಲಿ, ಹಾಗಾಗಿ ಇಲ್ಲಿ ಬೆಲೆ ನಿಜಕ್ಕೂ ಬೀಳುತ್ತೆ. ಇದಕ್ಕೆ ‘ಮರುಹದ’ ಅಂತ ಬರೆದಿದ್ದೇನೆ. ನನಗಂತೂ ತುಂಬಾ ಹಿಡಿಸಿದೆ.

ಈಗ ಸಮೊಂಜಿ ಅನ್ನೋ ಹೆಸರಿನ ಒಂದು ಕತ್ತಿ ನೋಡಿ. 1560ರಲ್ಲಿ ಒಕೆಹಝಾಮ ಯುದ್ಧದಲ್ಲಿ ಸಾಮಂತ ಇಮಾಗಾವ ಯೊಶಿಮೊತೊ ಸತ್ತಾಗ ಅವನ ಈ ಕತ್ತಿ, ಅವನನ್ನು ಸೋಲಿಸಿದ ಸಾಮಂತ ಒದ ನೊಬುನಾಗನ ಕೈಗೆ ಬಂತು. ಅವನು ಅದನ್ನು ಗಿಡ್ಡ ಮಾಡಿಸಿ, ನಕಾಗೊದಲ್ಲಿ ಗೆದ್ದ ದಿನವನ್ನೂ ತನ್ನ ಹೆಸರನ್ನೂ ಬಂಗಾರದಲ್ಲಿ ಕೂರಿಸಿದ. 1657ರಲ್ಲಿ ಎದೊ (ಈಗಿನ ಟೋಕಿಯೊ) ನಗರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟಿತು, ಆಮೇಲೆ ಮರುಹದ ಆಯಿತು. ಸುರಿಆಗೆಯೂ ಹೌದು, ಸೈಹವೂ ಹೌದು. ಆದರೂ ಅದು ಸರ್ಕಾರ ಘೋಷಿಸಿದ ಮುಖ್ಯ ಸಾಂಸ್ಕೃತಿಕ ಆಸ್ತಿ, ಕ್ಯೋಟೊದ ಕೆಂಕುನ್ ದೇವಾಲಯದ್ದು. ಆ ಬಂಗಾರದ ಅಕ್ಷರಗಳು ಆಮೇಲೆ ಸೇರಿದ್ದೇ, ಆದರೆ ಆ ಕತ್ತಿಯ ಕಥೆಯೆಲ್ಲ ಅವುಗಳಲ್ಲೇ ಇದೆ ಅಲ್ವಾ? ಇದನ್ನು ‘ವಿರೂಪ’ ಅಂತ ಬರೆಯೋಕೆ ನನಗೆ ಮನಸ್ಸೇ ಬರಲ್ಲ. ‘ತಿದ್ದುಪಡಿ’ ಕಾನೂನಿನ ವಾಸನೆ ಹೊಡೆಯುತ್ತೆ. ‘ಮಾರ್ಪಾಟು’ ಅಂದರೆ ಸುರಿಆಗೆ, ಸೈಹ, ನಕಾಗೊದ ತುಕ್ಕು ಉಜ್ಜಿ ಹಾಳು ಮಾಡಿದ್ದು, ಎಲ್ಲವೂ ಒಂದೇ ಅನ್ನಿಸಿಬಿಡುತ್ತೆ. ತುಕ್ಕು ಉಜ್ಜಿದ್ದನ್ನಂತೂ ನಾನು ‘ಕೆಡಿಸಿದ್ದು’ ಅಂತಲೇ ಬರೆಯುತ್ತೇನೆ. ಸರ್ಟಿಫಿಕೇಟಿನಲ್ಲಿ ನಕಾಗೊದ ಫೋಟೋ ಇರುತ್ತೆ. ಆಮೇಲೆ ಯಾರಾದರೂ ಉಜ್ಜಿದರೆ ಕಾಗದಕ್ಕೂ ಕತ್ತಿಗೂ ತಾಳೆ ಆಗಲ್ಲ.

ಸದ್ಯಕ್ಕೆ ಸುರಿಆಗೆಗೆ ‘ಬುಡ ಏರಿಸಿದ’ ಅಂತ ಇಟ್ಟಿದ್ದೇನೆ. ಉಬುಗೆ ‘ಕನ್ನೆನೆಲ’ದ ಹಾಗೆ ‘ಕನ್ನೆಬುಡ’ ಅನ್ನೋಣ ಅಂತ ಆಸೆ, ಕೇಳೋಕೆ ಅತಿಯಾಯಿತಾ ಹೇಳಿ. ಇನ್ನೊಂದು, ಮಚ್ಚು ಕುಡುಗೋಲುಗಳಲ್ಲಿ ಮರದ ಹಿಡಿಯೊಳಗೆ ಹೋಗುವ ಕಬ್ಬಿಣದ ಭಾಗಕ್ಕೆ ನಿಮ್ಮೂರಿನ ಕುಲುಮೆಯಲ್ಲಿ ಏನಂತಾರೆ? ಊರಿನ ಹೆಸರಿನ ಜೊತೆ ಬರೆಯಿರಿ, ನಕಾಗೊ ಅನ್ನೋದನ್ನು ತೆಗೆದು ಅದನ್ನೇ ಹಾಕ್ತೀನಿ.