ಸಹಾಯ ಬೇಕು: ಟೆಕ್ಸ್ಟ್ ಬಾಕ್ಸ್‌ನಲ್ಲಿ ಉಳಿಯುವ ಪಾಸ್‌ವರ್ಡ್‌ಗೆ ಏನು ಮಾಡುವುದು?

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತೇನೆ. ಬಿಡುವಿನಲ್ಲಿ ಧಾರವಾಡದ ಗೆಳೆಯನ ಜೊತೆ ಸೇರಿ ಒಂದು ಪಾಸ್‌ವರ್ಡ್ ಮ್ಯಾನೇಜರ್ ಬರೆಯುತ್ತಿದ್ದೇನೆ. ಭಾಷೆ ಸಿ ಶಾರ್ಪ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಒಂದೇ ಕೋಡ್.

ಡಾಟ್‌ನೆಟ್‌ನಲ್ಲಿ (ಸಿ ಶಾರ್ಪ್ ಕೋಡ್ ಓಡುವ ವೇದಿಕೆ) ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಒಮ್ಮೆ ಹುಟ್ಟಿದರೆ ಅದನ್ನು ತಿದ್ದಲು, ಅಳಿಸಲು ಬರುವುದಿಲ್ಲ. ಅದು ಮೆಮೊರಿಯಿಂದ ಯಾವಾಗ ಹೋಗುತ್ತದೆ ಅನ್ನುವುದು ಗಾರ್ಬೇಜ್ ಕಲೆಕ್ಟರ್ (ಬಳಕೆ ಮುಗಿದ ಮೆಮೊರಿಯನ್ನು ತಾನೇ ತೆರವು ಮಾಡುವ ಭಾಗ) ಮರ್ಜಿ; ಅಲ್ಲಿಯವರೆಗೆ ಪಾಸ್‌ವರ್ಡ್ ಮೆಮೊರಿಯಲ್ಲೇ ಇರುತ್ತದೆ. ಗುಟ್ಟಿನ ಪಠ್ಯ ಇಡಲೆಂದೇ ಡಾಟ್‌ನೆಟ್‌ನಲ್ಲಿರುವ ಸೆಕ್ಯೂರ್‌ಸ್ಟ್ರಿಂಗ್ ನೋಡಿದೆವು. ವಿಂಡೋಸ್ ಬಿಟ್ಟರೆ ಬೇರೆ ಕಡೆ ಅದು ಎನ್‌ಕ್ರಿಪ್ಟ್ ಮಾಡುವುದೇ ಇಲ್ಲ, ಹೆಸರಿಗಷ್ಟೇ ಸೆಕ್ಯೂರ್! ಹೊಸ ಕೋಡ್‌ನಲ್ಲಿ ಬಳಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತದೆ.

ಹಾಗಾಗಿ ಪಾಸ್‌ವರ್ಡ್‌ಗೆ ಪಿನ್ ಮಾಡಿದ ಬೈಟ್ ಅರೇ (ಮೆಮೊರಿಯಲ್ಲಿ ಒಂದೇ ಜಾಗಕ್ಕೆ ಕಟ್ಟಿಹಾಕಿದ ಬೈಟ್‌ಗಳ ಸಾಲು) ಇಟ್ಟುಕೊಂಡಿದ್ದೇವೆ. ಕಲೆಕ್ಟರ್ ಅದನ್ನು ಅತ್ತಿತ್ತ ಸರಿಸುವುದಿಲ್ಲ, ಆದ್ದರಿಂದ ಹಳೇ ಜಾಗದಲ್ಲಿ ನಕಲು ಉಳಿಯುವುದಿಲ್ಲ. ಕೆಲಸ ಮುಗಿದ ಕೂಡಲೇ ಝೀರೋಮೆಮೊರಿ ಎಂಬ ಫಂಕ್ಷನ್‌ನಿಂದ ಅದಕ್ಕೆ ಸೊನ್ನೆ ತುಂಬುತ್ತೇವೆ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬರೆದಿಡುವ ಜಾಗ) ಹೋಗದಂತೆ ವಿಂಡೋಸ್‌ನಲ್ಲಿ ವರ್ಚುವಲ್‌ಲಾಕ್, ಉಳಿದೆರಡರಲ್ಲಿ ಎಮ್‌ಲಾಕ್.

ಸಿಕ್ಕಿಕೊಂಡಿರುವುದು ಟೆಕ್ಸ್ಟ್ ಬಾಕ್ಸ್‌ನಲ್ಲಿ. ಆ್ಯಪ್‌ನ ಪರದೆ ಕಟ್ಟಲು ನಾವು ಅವಲೋನಿಯಾ ಎಂಬ ಲೈಬ್ರರಿ ಬಳಸುತ್ತಿದ್ದೇವೆ. ಟೈಪ್ ಮಾಡಿದ್ದೆಲ್ಲ ಅಲ್ಲಿ ಸ್ಟ್ರಿಂಗ್ ಆಗಿಯೇ ಕೈಗೆ ಬರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗಾಯಿತು, ಅಲ್ವಾ? ಕೀಬೋರ್ಡ್‌ನಲ್ಲಿ ಒತ್ತಿದ ಕೀಲಿಗಳನ್ನು ನೇರವಾಗಿ ಹಿಡಿಯುವ ಸ್ವಂತ ಬಾಕ್ಸ್ ಬರೆದು ನೋಡಿದೆವು. ಪೇಸ್ಟ್ ಕೈಕೊಟ್ಟಿತು, ಸ್ಕ್ರೀನ್ ರೀಡರ್ ಕೂಡ. ಕಣ್ಣು ಕಾಣದವರು ಬಳಸಲಾಗದ ಆ್ಯಪ್ ನನಗಂತೂ ಬೇಡ.

ಇಂಥ ಕೆಲಸ ಮಾಡಿದವರು ಹೇಳಿ: ಮಾಮೂಲಿ ಟೆಕ್ಸ್ಟ್ ಬಾಕ್ಸನ್ನೇ ಇಟ್ಟುಕೊಂಡು ಆ ಒಂದು ಸ್ಟ್ರಿಂಗ್ ಉಳಿಯುವುದನ್ನು ಒಪ್ಪಿಕೊಳ್ಳುವುದೇ, ಅಥವಾ ಸ್ವಂತ ಬಾಕ್ಸನ್ನೇ ಸರಿಪಡಿಸುವುದೇ? ಎರಡನೆಯದಾದರೆ ಪೇಸ್ಟ್ ಮತ್ತು ಸ್ಕ್ರೀನ್ ರೀಡರ್ ಹೇಗೆ ನಿಭಾಯಿಸಿದಿರಿ?